ಗಡಸು ನೀರಿನ ಕಾಟ: ಗೀಸರ್ ಕಾಯಿಲ್ ಮತ್ತೆ ಸುಟ್ಟಿತು, ಏನು ಮಾಡಲಿ?

ನೊರೆಗಾಗಿ ಕಾದವ:
ಎಲ್ಲರಿಗೂ ನಮಸ್ಕಾರ. ಬಾಡಿಗೆ ಮನೆ, ಬೋರ್ ನೀರು. ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ, ಮೈಮೇಲೆ ಏನೋ ಅಂಟಂಟು ಉಳಿಯುತ್ತದೆ. ಶವರ್‌ನ ಅರ್ಧ ತೂತು ಮುಚ್ಚಿಹೋಗಿವೆ, ಉಳಿದರ್ಧ ನನ್ನನ್ನು ಬಿಟ್ಟು ಗೋಡೆಗೆ ಸ್ನಾನ ಮಾಡಿಸುತ್ತಿವೆ. ನಲ್ಲಿಯ ಬುಡದಲ್ಲಿ, ಬಚ್ಚಲಿನ ಗಾಜಿನ ಮೇಲೆ ಬಿಳಿ ಕಲೆ. ಇದೆಲ್ಲ ಸಹಿಸಿಕೊಂಡಿದ್ದೆ. ಈ ವಾರ ಗೀಸರ್ ಕಾಯಿಲ್ ಮತ್ತೆ ಸುಟ್ಟುಹೋಯಿತು. ಬಿಚ್ಚಿ ನೋಡಿದರೆ ಕಾಯಿಲ್ ಎಲ್ಲಿದೆ ಎಂದೇ ಕಾಣದಷ್ಟು ಸುಣ್ಣ.

ಟಿಡಿಎಸ್ ಮೀಟರ್ 640 ತೋರಿಸುತ್ತಿದೆ. ಒಬ್ಬರು ಇಡೀ ಮನೆಗೆ ಆರ್‌ಒ ಹಾಕಿಸು ಎನ್ನುತ್ತಾರೆ. ಇನ್ನೊಬ್ಬರು ಪೈಪಿಗೆ ಆಯಸ್ಕಾಂತ ಕಟ್ಟಿದರೆ ಸಾಕು ಎನ್ನುತ್ತಾರೆ. ಮಾವ ಟ್ಯಾಂಕಿಗೆ ಪಟಿಕ ಹಾಕು ಎಂದು ಹಟ ಹಿಡಿದಿದ್ದಾರೆ. ಪೈಪ್ ಒಡೆದು ಕೆಲಸ ಮಾಡಿಸಲು ಓನರ್ ಒಪ್ಪುವುದಿಲ್ಲ. ನಿಜವಾಗಿ ಕೆಲಸಕ್ಕೆ ಬರುವುದು ಯಾವುದು? ಗೊತ್ತಿದ್ದವರು ಹೇಳಿ.

ಬಕೆಟ್ ಬಂಧು:
ಬಳಗಕ್ಕೆ ಸ್ವಾಗತ. ಮೊದಲು ಶವರ್ ಬಿಚ್ಚಿ ವಿನೆಗರ್‌ನಲ್ಲಿ ನೆನೆಹಾಕಿ. ಮಿಕ್ಕಿದ್ದು ಆಮೇಲೆ.

ರಸಾಯನ ರಸಿಕ:
ಟಿಡಿಎಸ್ 640 ಇದೆ ಅಂದ ಮಾತ್ರಕ್ಕೆ ನೀರು ಎಷ್ಟು ಗಡಸು ಎಂದು ಹೇಳಲಾಗದು ಸರ್. ಆ ಮೀಟರ್ ನೋಡುವುದು ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಮಾತ್ರ. ಅದರಿಂದ ಕರಗಿರುವ ಒಟ್ಟು ಲವಣದ ಅಂದಾಜು ಕೊಡುತ್ತದೆ. ಮೆದು ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿ ನೋಡಿ, ಮೀಟರ್ ನೂರಾರು ಜಿಗಿಯುತ್ತದೆ. ಆದರೆ ಆ ನೀರಿನಿಂದ ಗೀಸರ್‌ನಲ್ಲಿ ಸುಣ್ಣ ಕಟ್ಟುವುದಿಲ್ಲ.

ಗಡಸುತನ ಬರುವುದು ಮುಖ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಂದ. ಇವು ಸೋಪಿನ ಜೊತೆ ಸೇರಿ ನೀರಿನಲ್ಲಿ ಕರಗದ ಗಸಿಯಾಗುತ್ತವೆ. ನಿಮ್ಮ ಮೈಮೇಲಿನ ಅಂಟು ಅದೇ. ಒಂದಷ್ಟು ಸೋಪು ಗಸಿಯಾಗಿ ಹೋದ ಮೇಲೆ ಮಿಕ್ಕಿದ್ದು ನೊರೆ ಕೊಡಬೇಕು, ಅದಕ್ಕೇ ಅಷ್ಟು ಸೋಪು ಖರ್ಚು.

ಹನಿ ಹನಿ ಹಾಕಿ ಎಣಿಸುವ ಗಡಸುತನದ ಕಿಟ್ ಸಿಗುತ್ತದೆ. ನೀರಿಗೆ ಬಣ್ಣದ ದ್ರವ ಹಾಕಿದರೆ ಕೆಂಪಾಗುತ್ತದೆ, ಆಮೇಲೆ ಇನ್ನೊಂದು ದ್ರವವನ್ನು ಹನಿಯಾಗಿ ಬಿಡುತ್ತಾ ಹೋದರೆ ಒಂದು ಹಂತದಲ್ಲಿ ಥಟ್ಟನೆ ನೀಲಿಯಾಗುತ್ತದೆ. ಎಷ್ಟು ಹನಿ ಎಂಬುದರ ಮೇಲೆ ಲೆಕ್ಕ. ಸಾಮಾನ್ಯವಾಗಿ ಬಳಸುವ ಅಳತೆ ಹೀಗಿದೆ: ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರ್‌ಗೆ 60 ಮಿಲಿಗ್ರಾಂವರೆಗೆ ಮೆದು, 120 ದಾಟಿದರೆ ಗಡಸು, 180 ದಾಟಿದರೆ ತುಂಬಾ ಗಡಸು. ಮೊದಲು ಆ ಸಂಖ್ಯೆ ತನ್ನಿ, ಆಮೇಲೆ ಯಂತ್ರದ ಮಾತು.

ಸುಮ್ನೆ ಓದುಗ:
ಕಿಟ್ ಯಾಕೆ? ಬಾಟಲಿಯಲ್ಲಿ ನೀರು, ಸೋಪು ಹಾಕಿ ಅಲ್ಲಾಡಿಸಿದರೆ ಗೊತ್ತಾಗುತ್ತದಲ್ಲ.

ರಸಾಯನ ರಸಿಕ:
ಗಡಸು ಹೌದೋ ಅಲ್ಲವೋ ಎಂದು ಗೊತ್ತಾಗುತ್ತದೆ, ಎಷ್ಟು ಎಂದು ಗೊತ್ತಾಗುವುದಿಲ್ಲ. ಅದೂ ನಿಜವಾದ ಸೋಪೇ ಆಗಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಅದು ಡಿಟರ್ಜೆಂಟ್, ಗಡಸು ನೀರಿನಲ್ಲೂ ಸುಮಾರಾಗಿ ನೊರೆ ಕೊಡುತ್ತದೆ. ‘ನಮ್ಮ ನೀರು ಚೆನ್ನಾಗಿದೆ’ ಎಂದು ಖುಷಿಪಟ್ಟುಕೊಂಡು ಮಲಗಬಹುದು, ಗೀಸರ್ ಮಾತ್ರ ಸಾಯುತ್ತದೆ.

ತಿಳಿನೀರು:
ಪಟಿಕದ ವಿಷಯ ಹೇಳಿಬಿಡುತ್ತೇನೆ, ಮಾವನವರಿಗೆ ಬೇಜಾರಾಗದ ಹಾಗೆ ನೀವೇ ತಿಳಿಸಿ. ಪಟಿಕ ಹಾಕುವುದು ಕೆಸರು, ರಾಡಿ ಇರುವ ನೀರಿಗೆ. ತೇಲುತ್ತಿರುವ ಮಣ್ಣಿನ ಕಣಗಳನ್ನು ಒಟ್ಟುಗೂಡಿಸಿ ತಳಕ್ಕೆ ಇಳಿಸುತ್ತದೆ. ಕರಗಿರುವ ಕ್ಯಾಲ್ಸಿಯಂ ಅದರ ಕೈಗೆ ಸಿಗುವುದಿಲ್ಲ. ನಿಮ್ಮ ಬೋರ್ ನೀರು ನೋಡಲು ಗಾಜಿನಂತೆ ತಿಳಿಯಾಗಿಯೇ ಇರುತ್ತದೆ ಅಲ್ವಾ? ಅಲ್ಲಿ ಪಟಿಕಕ್ಕೆ ಕೆಲಸವೇ ಇಲ್ಲ.

ಹಳೇ ಪಾನಾ:
ನಾನು ಈ ಕೆಲಸದಲ್ಲೇ ಇರುವವನು, ಗೀಸರ್ ವಿಚಾರ ಹೇಳುತ್ತೇನೆ.

ಕಾಯಿಲ್ ಸುಡುವುದು ಕಾಯಿಲ್ ಕಳಪೆ ಎಂದಲ್ಲ. ಅದರ ಮೇಲೆ ಸುಣ್ಣ ಕೂತ ಮೇಲೆ ಬಿಸಿ ಹೊರಗಿನ ನೀರಿಗೆ ಸಲೀಸಾಗಿ ಹೋಗುವುದಿಲ್ಲ. ಕಾಯಿಲ್ ಒಳಗೇ ಕೆಂಡದಂತಾಗಿ ಕೊನೆಗೆ ತುಂಡಾಗುತ್ತದೆ. ಅದಕ್ಕೆ ಮುಂಚೆ ಸೂಚನೆ ಕೊಡುತ್ತದೆ. ನೀರು ಕಾಯುವಾಗ ಒಳಗಿಂದ ಟಪಟಪ, ಗುಡುಗುಡು ಸದ್ದು ಬರುತ್ತದೆ. ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಆಗಲೇ ಕರೆಸಿದರೆ ಸುಣ್ಣ ತೆಗೆದು ಅದೇ ಕಾಯಿಲ್ ಉಳಿಸಬಹುದು. ಆದರೆ ಜನ ಕರೆಯುವುದು ಎಂಸಿಬಿ ಟ್ರಿಪ್ ಆದ ಮೇಲೆ.

ನೀರು ಬಿಸಿಯಾದಷ್ಟೂ ಸುಣ್ಣ ಜಾಸ್ತಿ ಉದುರುತ್ತದೆ. ಥರ್ಮೋಸ್ಟಾಟ್ ಅನ್ನು ಕೊನೆಯವರೆಗೆ ತಿರುಗಿಸಿಟ್ಟು, ಆಮೇಲೆ ಬಕೆಟ್ ತುಂಬಾ ತಣ್ಣೀರು ಬೆರೆಸಿ ಸ್ನಾನ ಮಾಡುವವರ ಮನೆಯಲ್ಲೇ ನನಗೆ ಹೆಚ್ಚು ಕೆಲಸ. ಇಳಿಸಿಡಿ. ವರ್ಷಕ್ಕೊಮ್ಮೆ ತಳದ ನೀರು ಹೊರಗೆ ಬಿಟ್ಟು ಗಸಿ ತೆಗೆಸಿ. ಅದೇ ಹೊತ್ತಿಗೆ ಆನೋಡ್ ರಾಡ್ ನೋಡಿಸಿ. ಅದು ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಕಡ್ಡಿ. ಟ್ಯಾಂಕ್ ಬದಲು ತಾನೇ ಸವೆದು ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಸವೆದುಹೋಗಿದ್ದರೆ ಮುಂದಿನ ಸರದಿ ಟ್ಯಾಂಕಿನದು, ಅದು ತೂತಾದರೆ ಗೀಸರ್ ಗುಜರಿಗೆ.

ಮಳೆಹನಿ:
ಪಾನಾ ಅಣ್ಣ, ಎಷ್ಟಕ್ಕೆ ಇಳಿಸಬೇಕು? ನಾವು 40ಕ್ಕೆ ಇಟ್ಟಿದ್ದೇವೆ. ಬಿಸಿಯೂ ಸಾಕಾಗುತ್ತದೆ, ಕರೆಂಟೂ ಉಳಿಯುತ್ತದೆ.

ಅರ್ಧರಾತ್ರಿಯ ಓದುಗ:
40 ಬೇಡ. ನೀರು ಶೇಖರಿಸಿ ಇಡುವ ಟ್ಯಾಂಕ್ ಗೀಸರ್‌ನಲ್ಲಿ ಆ ಉಗುರುಬೆಚ್ಚಗಿನ ಹದ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಹಬ್ಬ. ಶವರ್‌ನ ಹನಿಗಳ ಜೊತೆ ಅದು ಶ್ವಾಸಕೋಶಕ್ಕೆ ಹೋದರೆ ಒಂದು ಬಗೆಯ ನ್ಯುಮೋನಿಯ ಬರುತ್ತದೆ. ಅದಕ್ಕೇ ಟ್ಯಾಂಕಿನ ನೀರು 60 ಡಿಗ್ರಿ ಇರಲಿ ಎನ್ನುವುದು.

ಹಳೇ ಪಾನಾ:
ಸರಿಯಾಗಿ ಹೇಳಿದಿರಿ. 60ರ ಹತ್ತಿರ ಇಡಿ, 75ಕ್ಕೆ ಏರಿಸಬೇಡಿ. ನಾನು ಹೇಳಿದ್ದು ಅಷ್ಟೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಜೋಪಾನ, 60ರ ನೀರೂ ಚರ್ಮ ಸುಡುತ್ತದೆ.

ಮಳೆಹನಿ:
ಉಳಿಸಿದ ಕರೆಂಟ್ ಬಿಲ್ಲು ಆಸ್ಪತ್ರೆಗೆ ಕಟ್ಟುವ ಯೋಗ ತಪ್ಪಿತು. ಈಗಲೇ ಏರಿಸುತ್ತೇನೆ.

ಕಬ್ಬಿಣದ ಕಡಲೆ:
ಆಯಸ್ಕಾಂತದ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ನಮ್ಮ ಮನೆಯಲ್ಲಿ ಹಾಕಿಸಿದ್ದೇವೆ, ಚೆನ್ನಾಗಿಯೇ ಇದೆ. ಉಪ್ಪು ಬೇಡ, ಕರೆಂಟ್ ಬೇಡ, ಸರ್ವೀಸ್ ಬೇಡ. ಪೈಪಿನ ಹೊರಗೆ ಕಟ್ಟಿದರೆ ಆಯಿತು. ಬಾಡಿಗೆ ಮನೆಗೆ ಹೇಳಿ ಮಾಡಿಸಿದ ಹಾಗಿದೆ.

ರಸಾಯನ ರಸಿಕ:
ಚೆನ್ನಾಗಿದೆ ಎಂದರೆ ಏನು ಬದಲಾಯಿತು? ಮುಂಚೆ ಎಷ್ಟಿತ್ತು, ಈಗ ಎಷ್ಟಿದೆ?

ಕಬ್ಬಿಣದ ಕಡಲೆ:
ಅಳತೆ ಗಿಳತೆ ಮಾಡಿಲ್ಲ. ಕಲೆ ಒರೆಸಿದರೆ ಬೇಗ ಹೋಗುತ್ತದೆ.

ಸುಮ್ನೆ ಓದುಗ:
ಒರೆಸಲು ಶುರು ಮಾಡಿದ್ದೇ ಆಯಸ್ಕಾಂತ ಬಂದ ಮೇಲೆ ಇರಬೇಕು.

ಕಬ್ಬಿಣದ ಕಡಲೆ:
ನಗಿ ನಗಿ. ನಮ್ಮ ಮನೆಯ ಅನುಭವ ನಾನು ಹೇಳಿದೆ, ಒಪ್ಪಲೇಬೇಕು ಅಂತೇನಿಲ್ಲ.

ರಸಾಯನ ರಸಿಕ:
ಕೋಪ ಬೇಡ ಕಡಲೆಯವರೇ. ಆಯಸ್ಕಾಂತ ಕ್ಯಾಲ್ಸಿಯಂ ತೆಗೆಯುವುದಿಲ್ಲ, ಇದನ್ನು ಮಾರುವವರೂ ಒಪ್ಪುತ್ತಾರೆ. ಅವರ ವಾದವೇನೆಂದರೆ, ಸುಣ್ಣದ ಹರಳು ಬೇರೆ ರೀತಿ ಬೆಳೆದು ಪೈಪಿಗೆ ಅಂಟದೆ ನೀರಿನ ಜೊತೆ ಹೊರಟುಹೋಗುತ್ತದೆ ಎಂದು. ಕೆಲವು ಪ್ರಯೋಗಗಳಲ್ಲಿ ಸ್ವಲ್ಪ ಪರಿಣಾಮ ಕಂಡಿದೆ, ಕೆಲವದರಲ್ಲಿ ಏನೂ ಕಂಡಿಲ್ಲ. ಯಾವ ನೀರಿಗೆ, ಎಷ್ಟು ಹರಿವಿಗೆ ಕೆಲಸ ಮಾಡುತ್ತದೆ ಎಂದು ಮೊದಲೇ ಹೇಳಲಾಗದ ಸಾಧನಕ್ಕೆ ನಾನು ದುಡ್ಡು ಹಾಕುವುದಿಲ್ಲ. ಅದು ಫಲ ಕೊಟ್ಟಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ಸೋಪಿಗೆ ನೊರೆ ಬರುವುದಿಲ್ಲ, ಏಕೆಂದರೆ ಕ್ಯಾಲ್ಸಿಯಂ ನೀರಿನಲ್ಲೇ ಇದೆ. ಇವರ ತೊಂದರೆಯಲ್ಲಿ ಅರ್ಧ ಅದೇ.

ದೋಣಿ ಸಾಗಲಿ:
ಮಾರುವವರು ಎಂದಾಗ ನೆನಪಾಯಿತು. ಒಬ್ಬರು ಮನೆಗೆ ಬಂದು ಎರಡು ಲೋಟ ಇಟ್ಟರು. ಒಂದರಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವರ ಆರ್‌ಒ ನೀರು. ಕರೆಂಟಿನ ಕಡ್ಡಿ ಅದ್ದಿದ ಕೂಡಲೇ ನಮ್ಮ ಲೋಟದಲ್ಲಿ ಕಂದು ಬಣ್ಣದ ಬಗ್ಗಡ ಎದ್ದಿತು! ನಮ್ಮ ಅತ್ತೆ ಅವತ್ತು ನೀರೇ ಕುಡಿಯಲಿಲ್ಲ.

ರಸಾಯನ ರಸಿಕ:
ಆ ಬಗ್ಗಡ ನಿಮ್ಮ ನೀರಿನದ್ದಲ್ಲ ಮೇಡಂ, ಕಡ್ಡಿಯ ಕಬ್ಬಿಣದ್ದು. ಲವಣ ಇರುವ ನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಿನ ಬಣ್ಣ ಬಿಡುತ್ತದೆ. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಕರೆಂಟ್ ಹರಿಯುವುದಿಲ್ಲ, ಆದ್ದರಿಂದ ತಿಳಿಯಾಗಿಯೇ ಉಳಿಯುತ್ತದೆ. ಮುಂದಿನ ಸಲ ಬಂದರೆ ಅವರದೇ ಆರ್‌ಒ ಲೋಟಕ್ಕೆ ಚಿಟಿಕೆ ಉಪ್ಪು ಹಾಕಿ ಕಡ್ಡಿ ಅದ್ದಲು ಹೇಳಿ. ಚೀಲ ಮಡಚಿಕೊಂಡು ಹೊರಡುತ್ತಾರೆ.

ದೋಣಿ ಸಾಗಲಿ:
ಅಯ್ಯೋ, ಇದನ್ನು ಅತ್ತೆಗೆ ಓದಿ ಹೇಳುತ್ತೇನೆ.

ನೊರೆಗಾಗಿ ಕಾದವ:
ಕಿಟ್ ತರಿಸಲು ಹೇಳಿದ್ದೇನೆ. ಪಟಿಕದ ವಿಷಯ ಮಾವನಿಗೆ ತಿಳಿಸಿದೆ. ‘ಹಾಗಾದರೆ ಕಾಯಿಸಿ ಬಳಸು’ ಎಂದರು. ಕಾಯಿಸಿದರೆ ಗಡಸುತನ ಹೋಗುತ್ತದೆಯೇ?

ತಿಳಿನೀರು:
ಅರ್ಧ ನಿಜ. ಗಡಸುತನದಲ್ಲಿ ಎರಡು ಬಗೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಬೈಕಾರ್ಬೊನೇಟ್ ರೂಪದಲ್ಲಿದ್ದರೆ ತಾತ್ಕಾಲಿಕ. ಕುದಿಸಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಸುಣ್ಣದ ಪುಡಿಯಾಗಿ ತಳಕ್ಕೆ ಕೂರುತ್ತದೆ. ಕೆಟಲ್ ತಳದಲ್ಲಿ ಕಾಣುವುದು ಅದೇ. ಸಲ್ಫೇಟ್, ಕ್ಲೋರೈಡ್ ರೂಪದಲ್ಲಿದ್ದರೆ ಶಾಶ್ವತ, ಎಷ್ಟು ಕುದಿಸಿದರೂ ಜಗ್ಗುವುದಿಲ್ಲ.

ಕಿಟ್ ಬಂದ ಮೇಲೆ ಎರಡೂ ಅಳೆಯಬಹುದು. ಮೊದಲು ಹಸಿ ನೀರು ಪರೀಕ್ಷಿಸಿ. ಆಮೇಲೆ ಅಳೆದ ನೀರನ್ನು ಕಾಲು ಗಂಟೆ ಕುದಿಸಿ, ತಣ್ಣಗಾಗಲು ಬಿಟ್ಟು, ತೆಳುವಾದ ಬಟ್ಟೆ ಅಲ್ಲ, ಫಿಲ್ಟರ್ ಕಾಗದದಲ್ಲಿ ಸೋಸಿ. ಆವಿಯಾಗಿ ಕಡಿಮೆಯಾದಷ್ಟು ಡಿಸ್ಟಿಲ್ಡ್ ನೀರು ಸೇರಿಸಿ ಮೊದಲಿನ ಅಳತೆಗೆ ತನ್ನಿ, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ಮತ್ತೆ ಪರೀಕ್ಷಿಸಿ. ಎರಡರ ವ್ಯತ್ಯಾಸವೇ ತಾತ್ಕಾಲಿಕ ಗಡಸುತನ.

ಬಕೆಟ್ ಬಂಧು:
ಸ್ನಾನದ ನೀರನ್ನೆಲ್ಲ ಕುದಿಸಿ ಆರಿಸಿ ಸೋಸುವಷ್ಟರಲ್ಲಿ ಆಫೀಸ್ ಮುಗಿದಿರುತ್ತದೆ.

ಹಳೆಯ ಪುಟ:
ಕುದಿಸದೆಯೂ ಇದನ್ನು ತೆಗೆಯುವ ದಾರಿ ಇದೆ. ನೀರಿಗೆ ಇನ್ನಷ್ಟು ಸುಣ್ಣ ಹಾಕುವುದು! ತಮಾಷೆಯಲ್ಲ. ಅಬರ್ಡೀನ್‌ನ ರಸಾಯನ ವಿಜ್ಞಾನಿ ಥಾಮಸ್ ಕ್ಲಾರ್ಕ್ 1841ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದ. ಲೆಕ್ಕ ಹಾಕಿ ಅರಳಿಸಿದ ಸುಣ್ಣ ಸೇರಿಸಿದರೆ ಅದು ಬೈಕಾರ್ಬೊನೇಟ್ ಜೊತೆ ಸೇರಿ, ಹಾಕಿದ ಸುಣ್ಣ ಮತ್ತು ಮೊದಲೇ ಇದ್ದ ಸುಣ್ಣ ಎರಡೂ ತಳಕ್ಕೆ ಬೀಳುತ್ತವೆ. ದೊಡ್ಡ ಜಲಶುದ್ಧೀಕರಣ ಘಟಕಗಳಲ್ಲಿ ಈಗಲೂ ಈ ತತ್ವ ಬಳಕೆಯಲ್ಲಿದೆ.

ಮಳೆಹನಿ:
ಮನೆಯ ಟ್ಯಾಂಕಿಗೆ ಹಾಕಬಹುದಾ?

ಹಳೆಯ ಪುಟ:
ಖಂಡಿತ ಬೇಡ. ಸ್ವಲ್ಪ ಹೆಚ್ಚಾದರೆ ನೀರು ಕ್ಷಾರವಾಗಿ ಕಣ್ಣು, ಚರ್ಮ ಉರಿಯುತ್ತದೆ. ಅದು ಅಳತೆ ಮಾಡುವ ಜನ, ಯಂತ್ರ ಇರುವ ಜಾಗದ ಕೆಲಸ.

ಎರಡನೇ ಮಹಡಿ:
ನೇರವಾಗಿ ಸಾಫ್ಟನರ್ ಹಾಕಿಸಿ ಸ್ವಾಮಿ, ಇಷ್ಟೆಲ್ಲ ಚರ್ಚೆ ಯಾಕೆ. ನಮ್ಮಲ್ಲಿ ಹಾಕಿಸಿದ್ದೇವೆ. ಆದರೆ ಒಂದು ತಕರಾರು. ಕಂಪನಿಯವರು ಮೋಸ ಮಾಡಿದರು ಅನ್ನಿಸುತ್ತಿದೆ, ಟಿಡಿಎಸ್ ಒಂದು ಚೂರೂ ಇಳಿದಿಲ್ಲ.

ರಸಾಯನ ರಸಿಕ:
ಇಳಿಯಬಾರದು, ಅದು ಸರಿಯಾಗಿಯೇ ಕೆಲಸ ಮಾಡುತ್ತಿರಬಹುದು. ಸಾಫ್ಟನರ್ ಒಳಗೆ ಸಣ್ಣ ಸಣ್ಣ ರೆಸಿನ್ ಗುಂಡುಗಳಿರುತ್ತವೆ. ಅವು ಸೋಡಿಯಂ ಹಿಡಿದುಕೊಂಡಿರುತ್ತವೆ. ಗಡಸು ನೀರು ಹಾದುಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಟ್ಟುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಒಂದು ಹೋಗಿ ಇನ್ನೊಂದು ಬಂತು, ಒಟ್ಟು ಲವಣ ಹೆಚ್ಚುಕಮ್ಮಿ ಅಷ್ಟೇ. ಗುಂಡುಗಳಲ್ಲಿ ಸೋಡಿಯಂ ಖಾಲಿಯಾದಾಗ ಗಟ್ಟಿ ಉಪ್ಪುನೀರು ಹಾಯಿಸಿ ತೊಳೆದರೆ ಮತ್ತೆ ತುಂಬಿಕೊಳ್ಳುತ್ತವೆ. ನಿಮ್ಮ ಯಂತ್ರ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಟಿಡಿಎಸ್ ಮೀಟರ್ ಬಿಟ್ಟು ಗಡಸುತನದ ಕಿಟ್ ಬಳಸಿ. ಅಥವಾ ಸೋಪು ಹಾಕಿ ನೋಡಿ.

ಎರಡನೇ ಮಹಡಿ:
ನೊರೆ ಸಿಕ್ಕಾಪಟ್ಟೆ ಬರುತ್ತದೆ. ಎಷ್ಟು ತೊಳೆದರೂ ಸೋಪು ಹೋಗಿಲ್ಲ, ಕೈ ಜಾರುತ್ತಿದೆ ಎಂದು ಅಮ್ಮನ ದೂರು.

ತಿಳಿನೀರು:
ಮೆದು ನೀರಿನಲ್ಲಿ ಹಾಗೇ. ಆ ಗಸಿ ಇಲ್ಲದಿರುವುದಕ್ಕೆ ಹಾಗೆ ಅನ್ನಿಸುತ್ತದೆ. ಅಮ್ಮನಿಗೆ ಸೋಪು, ಶಾಂಪೂ, ಬಟ್ಟೆ ಪುಡಿ ಎಲ್ಲವನ್ನೂ ಕಡಿಮೆ ಮಾಡಲು ಹೇಳಿ. ಹಳೇ ಅಳತೆಯಲ್ಲೇ ಹಾಕಿದರೆ ವಾಷಿಂಗ್ ಮೆಷಿನ್ ಬಾಗಿಲಲ್ಲಿ ನೊರೆ ಹೊರಗೆ ಬರುತ್ತದೆ.

ಗಿಡದ ಅಕ್ಕ:
ಸಾಫ್ಟನರ್ ನೀರು ಗಿಡಗಳಿಗೆ ಹಾಕಬೇಡಿ ದಯವಿಟ್ಟು. ಸೋಡಿಯಂ ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ, ಮಣ್ಣು ಬಿಗಿಯುತ್ತದೆ, ಎಲೆಯ ಅಂಚು ಸುಟ್ಟಂತಾಗುತ್ತದೆ. ಗಿಡಕ್ಕೆ ಬೇರೆ ನಲ್ಲಿ ಬಿಡಿ. ಹಾಗೆಯೇ ಯಂತ್ರ ತೊಳೆದ ಉಪ್ಪುನೀರನ್ನು ಅಂಗಳಕ್ಕೆ ಬಿಡಬೇಡಿ. ಮಳೆ ನೀರು ಹಿಡಿಯಲು ಆಗುವವರು ಹಿಡಿಯಿರಿ, ಮೆದು ನೀರು ಪುಕ್ಕಟೆ.

ಉಪ್ಪಿಲ್ಲದವನು:
ನನ್ನ ಹೆಸರು ನೋಡಿ, ಬಿಪಿ ಇದೆ. ಈ ನೀರು ಕುಡಿಯಬಹುದಾ?

ರಸಾಯನ ರಸಿಕ:
ಲೆಕ್ಕ ಸುಲಭ. 100 ಮಿಲಿಗ್ರಾಂ ಗಡಸುತನ ತೆಗೆದರೆ ಲೀಟರ್‌ಗೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 2 ಗ್ರಾಂಗಿಂತ ಕಡಿಮೆ ಸೋಡಿಯಂ ಇರಲಿ ಎನ್ನುತ್ತದೆ. ನೀರು ತೀರಾ ಗಡಸಾಗಿದ್ದರೆ ಈ ಸೇರ್ಪಡೆ ಲೆಕ್ಕಕ್ಕೆ ಬರುವಂಥದ್ದೇ. ಉಪ್ಪು ಕಡಿಮೆ ಮಾಡಲು ಹೇಳಿದ್ದರೆ ನಿಮ್ಮ ಡಾಕ್ಟರನ್ನೇ ಕೇಳಿ. ಅಡುಗೆಮನೆಯ ಕುಡಿಯುವ ನಲ್ಲಿಗೆ ಸಾಫ್ಟನರ್ ಸಂಪರ್ಕ ಕೊಡದೆ ಬಿಡುವುದು ಎಲ್ಲಕ್ಕಿಂತ ಸರಳ. ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬಳಸುವವರೂ ಇದ್ದಾರೆ, ಆದರೆ ಕಿಡ್ನಿ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಕೂಡ ಜೋಪಾನ.

ದೋಣಿ ಸಾಗಲಿ:
ಹಾಗಾದರೆ ಗಡಸು ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎನ್ನುವುದು?

ಅರ್ಧರಾತ್ರಿಯ ಓದುಗ:
ಕೆಟಲ್‌ನಲ್ಲಿ ಕಲ್ಲು ಕಂಡವರಿಗೆ ಹೊಟ್ಟೆಯಲ್ಲೂ ಹಾಗೇ ಎಂಬ ಭಯ ಸಹಜ. ಆದರೆ ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಕಲ್ಲಿನ ತೊಂದರೆಗೆ ನೀರು ಕಡಿಮೆ ಕುಡಿಯುವುದೇ ದೊಡ್ಡ ಕಾರಣ. ಗಡಸುತನಕ್ಕೆಂದು ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಆಧಾರದಲ್ಲಿ ಯಾವ ಮಿತಿಯನ್ನೂ ಇಟ್ಟಿಲ್ಲ. ಆ ನೀರಿನಿಂದ ದೇಹಕ್ಕೆ ಒಂದಿಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಸಿಗುತ್ತದೆ ಕೂಡ. ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ಬೋರ್ ನೀರು ಕುಡಿಯುವವರು ಅದನ್ನು ಲ್ಯಾಬ್‌ನಲ್ಲಿ ನೋಡಿಸಬೇಕು. ಗಡಸುತನದ ಕಿಟ್‌ಗೆ ಅದು ಕಾಣುವುದಿಲ್ಲ, ಸಾಫ್ಟನರ್ ಅದನ್ನು ಸರಿಮಾಡುವ ಸಾಧನವೂ ಅಲ್ಲ.

ಜಡೆ ಉಳಿಸಿ:
ಕೂದಲು ಉದುರುವುದಕ್ಕೆ ಯಾರೂ ಉತ್ತರ ಕೊಡುತ್ತಿಲ್ಲ! ಶವರ್‌ಗೆ ತಿರುಗಿಸಿ ಹಾಕುವ ಫಿಲ್ಟರ್ ತಂದಿದ್ದೇನೆ, ಮೆದು ನೀರು ಬರುತ್ತದೆ ಎಂದು ಡಬ್ಬದ ಮೇಲೆ ಬರೆದಿದೆ.

ಹಳೇ ಪಾನಾ:
ಅಂಗೈಯಗಲದ ಡಬ್ಬಿಯಲ್ಲಿ ರೆಸಿನ್ ಇದ್ದರೂ ಎಷ್ಟು ಸ್ನಾನಕ್ಕೆ ಬರುತ್ತದೆ? ಅಂಥವು ಹೆಚ್ಚಾಗಿ ಕ್ಲೋರಿನ್ ತೆಗೆಯಲು ಇರುವಂಥವು. ಗಡಸುತನಕ್ಕೆ ಅವು ಅಷ್ಟಕ್ಕಷ್ಟೇ.

ಅರ್ಧರಾತ್ರಿಯ ಓದುಗ:
ಕೂದಲು ಒರಟಾಗುವುದು, ಸಿಕ್ಕಾಗುವುದು ನಿಜ, ಸೋಪಿನ ಗಸಿ ಕೂದಲ ಮೇಲೆ ಕೂರುತ್ತದೆ. ಬುಡದಿಂದ ಉದುರುತ್ತಿದ್ದರೆ ನೀರನ್ನು ಬೈಯುತ್ತಾ ಕೂರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್ ಏನೇ ಇರಬಹುದು. ಇಡಿಟಿಎ (ಕ್ಯಾಲ್ಸಿಯಂ ಹಿಡಿದುಕೊಳ್ಳುವ ರಾಸಾಯನಿಕ) ಇರುವ ಶಾಂಪೂ ಅಪರೂಪಕ್ಕೊಮ್ಮೆ ಬಳಸಿದರೆ ಗಸಿ ಬಿಡುತ್ತದೆ.

ಚರ್ಮದ ಮಾತು ಬಂದಿದ್ದಕ್ಕೆ ಇನ್ನೊಂದು. ಗಡಸು ನೀರಿರುವ ಕಡೆ ಮಕ್ಕಳಲ್ಲಿ ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಜಾಸ್ತಿ ಎಂದು ಕೆಲವು ಸಮೀಕ್ಷೆಗಳು ಹೇಳಿವೆ. ಆದರೆ ಇಂಗ್ಲೆಂಡ್‌ನಲ್ಲಿ ಈಗಾಗಲೇ ಎಕ್ಸಿಮಾ ಇದ್ದ 336 ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ಕೆಲವರ ಮನೆಗೆ ಸಾಫ್ಟನರ್ ಹಾಕಿದರು, ಉಳಿದವರಿಗೆ ಇಲ್ಲ. 2011ರಲ್ಲಿ ಫಲಿತಾಂಶ ಬಂತು: ಸಾಫ್ಟನರ್‌ನಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಮಗುವಿನ ಎಕ್ಸಿಮಾ ವಾಸಿಯಾಗುತ್ತದೆ ಎಂದು ಯಾರಾದರೂ ಯಂತ್ರ ಮಾರಲು ಬಂದರೆ ಇದನ್ನು ಹೇಳಿ.

ಜಡೆ ಉಳಿಸಿ:
ಫಿಲ್ಟರ್ ವಾಪಸ್ ಕಳಿಸುತ್ತಿದ್ದೇನೆ.

ಬಟ್ಟೆ ಒಣಗಿತಾ:
ಬಟ್ಟೆಯ ಬಗ್ಗೆ ನಾನು ಹೇಳುತ್ತೇನೆ. ಟವೆಲ್ ಹಪ್ಪಳದಂತೆ ಆಗುತ್ತದೆ ಎಂದು ಎಲ್ಲರೂ ಇನ್ನಷ್ಟು ಪುಡಿ ಸುರಿಯುತ್ತಾರೆ. ಕೈಯಲ್ಲಿ ಒಗೆಯುವುದಾದರೆ ಬಾರ್ ಸೋಪು ಬಿಟ್ಟು ಡಿಟರ್ಜೆಂಟ್ ಬಳಸಿ, ಅರ್ಧ ತೊಂದರೆ ಹೋಗುತ್ತದೆ. ಬಕೆಟ್ ನೀರಿಗೆ ಮೊದಲೇ ಸ್ವಲ್ಪ ವಾಷಿಂಗ್ ಸೋಡಾ ಹಾಕಿ ಕದಡಿ ಬಿಟ್ಟರೆ ಕ್ಯಾಲ್ಸಿಯಂ ಪುಡಿಯಾಗಿ ಕೂರುತ್ತದೆ, ಮೇಲಿನ ನೀರು ಬಗ್ಗಿಸಿಕೊಳ್ಳಿ. ಶಾಶ್ವತ ಗಡಸುತನಕ್ಕೂ ಇದು ನಡೆಯುತ್ತದೆ. ರೇಷ್ಮೆ, ಉಣ್ಣೆಗೆ ಮಾತ್ರ ಬೇಡ. ಕೈಗೂ ಒಳ್ಳೆಯದಲ್ಲ, ಗ್ಲೌಸ್ ಇರಲಿ. ಅಡುಗೆ ಸೋಡಾ ಇದರ ಬದಲಿಗೆ ಆಗುವುದಿಲ್ಲ, ಅದು ಬೇರೆ.

ಸುಮ್ನೆ ಓದುಗ:
ಬಿಳಿ ಕಲೆಗೆ ನಾನು ಟಾಯ್ಲೆಟ್ ಕ್ಲೀನರ್ ಹಾಕುತ್ತೇನೆ. ನಿಮಿಷದಲ್ಲಿ ಮಾಯ.

ಹಳೇ ಪಾನಾ:
ಕಲೆಯ ಜೊತೆ ನಲ್ಲಿಯ ಹೊಳಪೂ ಮಾಯವಾಗುತ್ತದೆ ರೀ. ಅಂಥವುಗಳಲ್ಲಿ ಹೆಚ್ಚಿನವುಗಳಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ, ಕ್ರೋಮ್ ಲೇಪ ತಿಂದುಹಾಕುತ್ತದೆ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ರಾತ್ರಿಯಿಡೀ ಬಿಡಬೇಡಿ.

ರಸಾಯನ ರಸಿಕ:
ಇಲ್ಲಿ ಎಲ್ಲರೂ ಒಂದು ನಿಮಿಷ ನಿಲ್ಲಿ. ವಿನೆಗರ್ ಇರಲಿ, ಸಿಟ್ರಿಕ್ ಆಸಿಡ್ ಇರಲಿ, ಟಾಯ್ಲೆಟ್ ಕ್ಲೀನರ್ ಇರಲಿ, ಯಾವ ಆಸಿಡನ್ನೂ ಬ್ಲೀಚ್ ಜೊತೆ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೆ ಅಪಾಯ. ಒಂದರ ಮೇಲೆ ಒಂದು ಹಾಕುವುದೂ ಬೇಡ.

ಮಾರ್ಬಲ್ ಮೇಲೂ ಆಸಿಡ್ ಬೇಡ. ಮಾರ್ಬಲ್ ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ, ಕಲೆ ಯಾವುದು ನೆಲ ಯಾವುದು ಎಂದು ಆಸಿಡ್‌ಗೆ ಗೊತ್ತಾಗುವುದಿಲ್ಲ. ಕೆಟಲ್‌ಗೆ ಸಿಟ್ರಿಕ್ ಆಸಿಡ್ ಹಾಕುವವರು ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿ ಬಿಡಿ, ಗಳಗಳ ಕುದಿಸಬೇಡಿ. ಬಿಸಿ ಜಾಸ್ತಿಯಾದರೆ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪದರ ಕೂರುತ್ತದೆ, ಅದನ್ನು ಬಿಡಿಸುವುದು ಇನ್ನೂ ಕಷ್ಟ.

ಗಾಜಿನ ಲೋಟ:
ಡಿಶ್‌ವಾಷರ್‌ನಲ್ಲಿ ಗಾಜು ಮಂಜು ಕವಿದಂತೆ ಆಗುತ್ತಿದೆ. ಅದೂ ಗಡಸು ನೀರಿನದ್ದೇ?

ತಿಳಿನೀರು:
ಲೋಟದ ಒಂದು ಕಡೆ ವಿನೆಗರ್ ಹಚ್ಚಿ ನೋಡಿ. ಹೋದರೆ ಸುಣ್ಣ. ಹೋಗದಿದ್ದರೆ ಗಾಜೇ ಸವೆದಿದೆ, ಅದು ವಾಪಸ್ ಬರುವುದಿಲ್ಲ. ಮೆದು ನೀರು, ಜಾಸ್ತಿ ಡಿಟರ್ಜೆಂಟ್, ಜಾಸ್ತಿ ಬಿಸಿ ಸೇರಿದಾಗ ಹಾಗಾಗುತ್ತದೆ. ಸುಣ್ಣವಾಗಿದ್ದರೆ ಡಿಶ್‌ವಾಷರ್ ಉಪ್ಪು ಖಾಲಿಯಾಗಿರಬೇಕು. ಸಾಮಾನ್ಯವಾಗಿ ಅದರ ಒಳಗೇ ಚಿಕ್ಕ ಸಾಫ್ಟನರ್ ಇರುತ್ತದೆ. ಅಡುಗೆಯ ಪುಡಿ ಉಪ್ಪು ಹಾಕಬೇಡಿ, ಅದರಲ್ಲಿ ಗಂಟು ಕಟ್ಟದಿರಲು ಬೆರೆಸಿದ ಪದಾರ್ಥ ಒಳಗೆ ಕಟ್ಟಿಕೊಳ್ಳುತ್ತದೆ.

ಬಕೆಟ್ ಬಂಧು:
ಬಚ್ಚಲ ಗಾಜಿಗೆ ನನ್ನದೊಂದು ಸೋಮಾರಿ ಉಪಾಯ: ಸ್ನಾನ ಆದ ಕೂಡಲೇ ವೈಪರ್ ಎಳೆದುಬಿಡಿ. ನೀರು ಅಲ್ಲೇ ಆರಿದರೆ ತಾನೇ ಕಲೆ.

ನೊರೆಗಾಗಿ ಕಾದವ:
ಕಿಟ್ ಬಂತು. ಹಸಿ ನೀರು 380. ಕುದಿಸಿ ಸೋಸಿದ್ದು 140. ಮಾವನೇ ಹನಿ ಎಣಿಸಿದರು, ನೀಲಿ ಬಣ್ಣ ಬಂದಾಗ ಅವರ ಮುಖ ನೋಡಬೇಕಿತ್ತು. ಈಗ ಹೇಳಿ, ಇಡೀ ಮನೆಗೆ ಆರ್‌ಒ?

ರಸಾಯನ ರಸಿಕ:
ಬೇಡ. 380ರಲ್ಲಿ 240 ತಾತ್ಕಾಲಿಕ, ಗೀಸರ್ ಸಾಯಲು ಕಾರಣ ಅದೇ. ಆರ್‌ಒ ಹಾಕಿದರೆ ನೀರಿನ ಒಂದು ದೊಡ್ಡ ಪಾಲು ರಿಜೆಕ್ಟ್ ಎಂದು ಹೊರಗೆ ಹೋಗುತ್ತದೆ. ಕಾಲು ತೊಳೆಯಲು, ನೆಲ ಒರೆಸಲು, ಫ್ಲಶ್ ಮಾಡಲು ಅಷ್ಟು ನೀರು ಚೆಲ್ಲುವುದು ಅನ್ಯಾಯ. ಗೀಸರ್‌ಗೆ ಹೋಗುವ ಲೈನ್ ಮತ್ತು ವಾಷಿಂಗ್ ಮೆಷಿನ್, ಇವೆರಡಕ್ಕೆ ಮಾತ್ರ ಸಾಫ್ಟನರ್ ಸಾಕು. ಫ್ಲಶ್‌ಗೆ, ಗಿಡಕ್ಕೆ, ಕುಡಿಯಲು ಬೋರ್ ನೀರು ಹಾಗೇ ಇರಲಿ. ಕುಡಿಯುವ ಮುನ್ನ ಲ್ಯಾಬ್ ಪರೀಕ್ಷೆ ಮರೆಯಬೇಡಿ.

ಕಬ್ಬಿಣದ ಕಡಲೆ:
ಆಯಸ್ಕಾಂತವನ್ನೂ ಒಂದು ಕಟ್ಟಿ ನೋಡಿ, ಹೋಗುವುದೇನು?

ಸುಮ್ನೆ ಓದುಗ:
ದುಡ್ಡು.

ಹಳೇ ಪಾನಾ:
ಓನರ್ ಒಪ್ಪದಿದ್ದರೂ ಪರವಾಗಿಲ್ಲ. ಗೋಡೆ ಒಡೆಯಬೇಕಿಲ್ಲ. ಗೀಸರ್‌ಗೆ ತಣ್ಣೀರು ಬರುವ ಹೊಂದಿಕೊಳ್ಳುವ ಪೈಪ್ ಇರುತ್ತದಲ್ಲ, ಅದಕ್ಕೆ ಮುಂಚೆ ಚಿಕ್ಕ ಸಾಫ್ಟನರ್ ಕೂರಿಸಬಹುದು. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಕೈಯಲ್ಲೇ ಉಪ್ಪುನೀರು ಹಾಯಿಸುವ ಮಾದರಿ ಸಾಕು, ಆದರೆ ಹಾಯಿಸುವುದನ್ನು ಮರೆತರೆ ಅದು ಬರೀ ಡಬ್ಬ. ತಿಂಗಳಿಗೊಮ್ಮೆ ಕಿಟ್‌ನಿಂದ ಪರೀಕ್ಷೆ ಮಾಡಿ, ಏರಲು ಶುರುವಾದ ಕೂಡಲೇ ಉಪ್ಪು. ಗೀಸರ್‌ನ ಸೇಫ್ಟಿ ವಾಲ್ವ್‌ಗೆ ಮಾತ್ರ ಕೈ ಹಚ್ಚಬೇಡಿ, ಅದರ ಬಾಯಿಗೆ ಏನನ್ನೂ ಸಿಕ್ಕಿಸಬೇಡಿ.

ಎರಡನೇ ಮಹಡಿ:
ನಮ್ಮ ಸಾಫ್ಟನರ್ ಗುಂಡುಗಳು ಕಂದು ಬಣ್ಣಕ್ಕೆ ತಿರುಗಿವೆ. ಬಕೆಟ್‌ನಲ್ಲೂ ಕೆಂಪು ಕಲೆ ಬರುತ್ತಿದೆ. ಉಪ್ಪು ಹಾಯಿಸಿದರೂ ಮೊದಲಿನಷ್ಟು ನೊರೆ ಇಲ್ಲ.

ತಿಳಿನೀರು:
ನೀರಿನಲ್ಲಿ ಕಬ್ಬಿಣ ಇದೆ. ಅದು ರೆಸಿನ್ ಮೇಲೆ ತುಕ್ಕಾಗಿ ಕೂತರೆ ಉಪ್ಪುನೀರಿಗೆ ಬಿಡುವುದಿಲ್ಲ. ರೆಸಿನ್ ತೊಳೆಯುವ ಬೇರೆ ಕ್ಲೀನರ್ ಸಿಗುತ್ತದೆ, ಅದನ್ನು ಹಾಯಿಸಿ. ಮುಂದಕ್ಕೆ ಸಾಫ್ಟನರ್‌ಗಿಂತ ಮುಂಚೆ ಕಬ್ಬಿಣದ ಫಿಲ್ಟರ್ ಹಾಕಿಸಬೇಕಾಗುತ್ತದೆ. ಬೋರ್ ನೀರನ್ನು ನಲ್ಲಿಯಿಂದ ಹಿಡಿದಾಗ ತಿಳಿಯಾಗಿದ್ದು, ಸ್ವಲ್ಪ ಹೊತ್ತು ಬಿಟ್ಟರೆ ಕೆಂಪಾಗುತ್ತದೆಯೇ? ನೋಡಿ ಹೇಳಿ.

ಎರಡನೇ ಮಹಡಿ:
ಹೌದು, ಸಂಜೆ ಹಿಡಿದಿಟ್ಟದ್ದು ಬೆಳಿಗ್ಗೆ ಕೆಂಪಗಿರುತ್ತದೆ.

ಹಳೇ ಪಾನಾ:
ಹಾಗಿದ್ದರೆ ಕಬ್ಬಿಣವೇ. ಹೊಸ ಪ್ರಶ್ನೆ ಹಾಕಿ, ಅಲ್ಲಿ ಮಾತಾಡೋಣ, ಇಲ್ಲಿ ಗೀಸರ್‌ನವರಿಗೆ ಗೊಂದಲ ಆಗುತ್ತದೆ. ನೊರೆ ಸರ್, ನಿಮ್ಮ ಗೀಸರ್‌ನ ಅಡಿಯ ಪೈಪ್‌ಗಳ ಒಂದು ಫೋಟೋ ಹಾಕಿ, ಸಾಫ್ಟನರ್‌ಗೆ ಜಾಗ ಇದೆಯೇ ನೋಡಿ ಹೇಳುತ್ತೇನೆ. ಸ್ವಿಚ್ ಮಾತ್ರ ಅಲ್ಲ, ಎಂಸಿಬಿ ಕೂಡ ಇಳಿಸಿ ಆಮೇಲೆ ಕವರ್ ಬಿಚ್ಚಿ.